ಮುರಿದ ಕ್ಲಸ್ಟರ್ ಜೋಡಿಸಿದ ಮೇಲೆ ಟ್ರ್ಯಾಕ್ ಸಿಕ್ಕಿತು

"ಕಾಲ್ಮನ್ ಫಿಲ್ಟರ್‌ನಲ್ಲಿ ಕೆರೆಯೋಕೆ ಇನ್ನೇನು ಉಳಿದಿದೆ? ಫ್ರುವಿರ್ತ್ 1987ರಲ್ಲೇ ಬರೆದು ಮುಗಿಸಿದ್ದಾರಲ್ಲ." ವಾರದ ಮೀಟಿಂಗ್‌ನಲ್ಲಿ ಒಬ್ಬರು ಹೀಗೆಂದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಉರಿಯುತ್ತಿತ್ತು ಅನ್ನುವುದು ಬೇರೆ ಮಾತು. ಈಗ ಅದೇ ಮಂದಿ ನನ್ನ ಕೋಡ್ ಇಳಿಸಿಕೊಂಡು ಓಡಿಸುತ್ತಿದ್ದಾರೆ. ಹಾಗಾಗಿ ನಡೆದದ್ದನ್ನು ಬರೆದಿಡುವ ಧೈರ್ಯ ಬಂದಿದೆ. ಡಿಟೆಕ್ಟರ್‌ನ ಪದರಗಳಲ್ಲಿ ಕಣ ಬಿಟ್ಟುಹೋದ ಗುರುತುಗಳನ್ನು (ಹಿಟ್) ಒಂದೊಂದಾಗಿ ಸೇರಿಸುತ್ತಾ ಅದರ ಹಾದಿಯನ್ನು (ಟ್ರ್ಯಾಕ್) ಅಂದಾಜಿಸುವ ಲೆಕ್ಕದ ವಿಧಾನವೇ ಈ ಕಾಲ್ಮನ್ ಫಿಲ್ಟರ್. ಅದನ್ನು ಕಣಗಳ ಟ್ರ್ಯಾಕ್‌ಗೆ ಅಳವಡಿಸುವ ಬಗೆಯನ್ನು ಬರೆದವರು ಫ್ರುವಿರ್ತ್. ನಾನು ಕೆರೆಯುತ್ತಿದ್ದದ್ದೂ ಅದನ್ನೇ.

ನಾನು ಇಟ್ಟುಕೊಂಡದ್ದು ಕಣಗಳ ಟ್ರ್ಯಾಕ್ ಹುಡುಕುವ 2018ರ ಟ್ರ್ಯಾಕ್‌ಎಂಎಲ್ ಸ್ಪರ್ಧೆಯ ಡಿಟೆಕ್ಟರ್ ಜ್ಯಾಮಿತಿ. ಪೈಲ್‌ಅಪ್ (ಒಂದೇ ಸಲಕ್ಕೆ ನಡೆಯುವ ಡಿಕ್ಕಿಗಳು) 200, ಈವೆಂಟ್‌ಗೆ ಹೆಚ್ಚುಕಡಿಮೆ ಒಂದು ಲಕ್ಷ ಹಿಟ್, ಹತ್ತು ಸಾವಿರ ಕಣ. ಡಿಜಿಟೈಸೇಷನ್ (ಸೆನ್ಸರ್‌ನ ಚಾರ್ಜ್ ಅನ್ನು ಪಿಕ್ಸೆಲ್‌ಗಳ ಅಂಕಿಯಾಗಿಸುವ ಹಂತ) ಮಾತ್ರ ನನ್ನದೇ: ಥ್ರೆಶೋಲ್ಡ್ (ಪಿಕ್ಸೆಲ್ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಚಾರ್ಜ್) ಸ್ವಲ್ಪ ಮೇಲಿಟ್ಟೆ, ಅಲ್ಲಲ್ಲಿ ಸತ್ತ ಪಿಕ್ಸೆಲ್ ಸೇರಿಸಿದೆ. ಟ್ರ್ಯಾಕ್ ಹುಡುಕುವುದಕ್ಕೆ ಆಕ್ಟ್ಸ್ ಎಂಬ ಟ್ರ್ಯಾಕಿಂಗ್ ತಂತ್ರಾಂಶದ ಕಾಂಬಿನೇಟೋರಿಯಲ್ ಕಾಲ್ಮನ್ ಫಿಲ್ಟರ್. ಮಧ್ಯಭಾಗದಲ್ಲಿ ಎಫಿಶಿಯೆನ್ಸಿ (ಕೈಗೆ ಸಿಕ್ಕ ನಿಜ ಟ್ರ್ಯಾಕ್‌ಗಳ ಪಾಲು) ಶೇಕಡಾ 97ರ ಆಸುಪಾಸು, ತಕರಾರಿಲ್ಲ. ಈಟಾ (ಟ್ರ್ಯಾಕ್ ಕಿರಣದ ದಿಕ್ಕಿಗೆ ವಾಲಿದಷ್ಟೂ ಏರುವ ಕೋನದ ಅಳತೆ) 1.5 ದಾಟಿತೋ, 90ಕ್ಕೆ ಜಾರುತ್ತಿತ್ತು. ಫೇಕ್, ಅಂದರೆ ಯಾವ ಕಣದ್ದೂ ಅಲ್ಲದ ಸುಳ್ಳು ಟ್ರ್ಯಾಕ್, ಶೇಕಡಾ ಆರರ ಹತ್ತಿರ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಸೀಡಿಂಗ್ ಕಿಟಕಿ, ಅಂದರೆ ಟ್ರ್ಯಾಕ್ ಶುರುಮಾಡುವ ಹಿಟ್ ಗುಂಪುಗಳನ್ನು (ಸೀಡ್) ಆಯುವ ಮಿತಿ, ಅಗಲಿಸಿದೆ. ಎಫಿಶಿಯೆನ್ಸಿ ಅರ್ಧ ಪರ್ಸೆಂಟ್ ಏರಿತು, ಸೀಡ್‌ಗಳ ಸಂಖ್ಯೆ ಎಂಟು ಪಟ್ಟಾಯಿತು, ರಾತ್ರಿ ಹಾಕಿದ ಜಾಬ್‌ಗಳು ಬೆಳಿಗ್ಗೆ ನೋಡಿದರೆ ಮೆಮೊರಿ ಸಾಲದೆ ಸತ್ತು ಬಿದ್ದಿದ್ದವು. ಆಮೇಲೆ ಕೈ-ಸ್ಕ್ವೇರ್ ಕಟ್ ಅನ್ನು (ಟ್ರ್ಯಾಕ್‌ನಿಂದ ಎಷ್ಟು ಆಚೆಯ ಹಿಟ್‌ವರೆಗೆ ಒಪ್ಪಬಹುದು ಎಂಬ ಮಿತಿ) 15ರಿಂದ 30ಕ್ಕೆ ಸಡಿಲಿಸಿದೆ. ಫೇಕ್ ಹತ್ತು ದಾಟಿತು. ಮೂರನೆಯದು ಎಲ್ಲರ ಒತ್ತಾಯದ ಗ್ರಾಫ್ ನ್ಯೂರಲ್ ನೆಟ್‌ವರ್ಕ್. ನಾಲ್ಕು ತಿಂಗಳು ಅದಕ್ಕೇ ಹೋಯಿತು. ವರ್ಷದ ಕಂಪ್ಯೂಟಿಂಗ್ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಬಾಡಿಗೆ ಜಿಪಿಯುಗೆ ಸುರಿದೆ. ಅದರಲ್ಲಿ ಒಂದು ಪಾಲು, ನಾಚಿಕೆಯಿಂದ ಹೇಳುತ್ತೇನೆ, ಟ್ರೈನಿಂಗ್ ಮುಗಿದರೂ ಯಂತ್ರ ಆಫ್ ಮಾಡಲು ಮರೆತ ಒಂದು ವಾರಾಂತ್ಯದ ಬಿಲ್. ಫಲಿತಾಂಶ ಕೆಟ್ಟದಿರಲಿಲ್ಲ, ಆದರೆ ಅದೇ ಈಟಾದಲ್ಲಿ ಅದೇ ಹಳ್ಳ. ಆಗಲೇ ಅನುಮಾನ ಬಂದದ್ದು: ಎರಡು ಬೇರೆ ಬೇರೆ ದಾರಿ ಒಂದೇ ಜಾಗದಲ್ಲಿ ಎಡವುತ್ತಿವೆ ಅಂದರೆ ತಪ್ಪು ದಾರಿಯದಲ್ಲ, ಹಿಟ್‌ನದು.

ಕಳೆದುಹೋದ ಟ್ರ್ಯಾಕ್‌ಗಳನ್ನು ಒಂದೊಂದಾಗಿ ಕೈಯಲ್ಲೇ ಬಿಡಿಸಲು ಕೂತೆ. ಹದಿನೇಳನೆಯದೋ ಹದಿನೆಂಟನೆಯದೋ, 2 ಜಿಇವಿಯ ಪಯಾನ್ ಎಂಬ ಒಂದು ಕಣ, ಈಟಾ 1.8. ಪಿಕ್ಸೆಲ್ ಬ್ಯಾರೆಲ್‌ನ (ಕಿರಣವನ್ನು ಸುತ್ತುವರಿದ ಕೊಳವೆಯಾಕಾರದ ಭಾಗದ) 32 ಮತ್ತು 72 ಮಿಲಿಮೀಟರ್ ತ್ರಿಜ್ಯದ ಪದರಗಳಲ್ಲಿ ಸಲೀಸಾಗಿ ಬಂದು, 116ರಲ್ಲಿ ಮಾಯ. ಸೆನ್ಸರ್ ದಪ್ಪ 300 ಮೈಕ್ರಾನ್, ಅಷ್ಟು ಓರೆಯಾಗಿ ಹಾಯ್ದರೆ ಜೆಡ್ (ಕಿರಣದ) ದಿಕ್ಕಿನಲ್ಲಿ 880 ಮೈಕ್ರಾನ್ ನೆರಳು. ಪಿಕ್ಸೆಲ್ 56 ಮೈಕ್ರಾನ್ ಅಂದರೆ ಹದಿನಾರು ಸೆಲ್ ಹೊತ್ತಿಕೊಳ್ಳಬೇಕು. ಸೆಲ್‌ಗಳ ಚಿತ್ರ ತೆರೆದು ನೋಡಿದೆ: ಆರು ಸೆಲ್, ಒಂದು ಖಾಲಿ, ಮತ್ತೆ ಒಂಬತ್ತು ಸೆಲ್. ಟ್ರ್ಯಾಕ್ ಒಂದು ಸಾಲಿನಿಂದ ಪಕ್ಕದ ಸಾಲಿಗೆ ದಾಟುವ ಕಡೆ ಚಾರ್ಜ್ ಎರಡಕ್ಕೂ ಹಂಚಿಹೋಗಿ, ಎರಡೂ ಥ್ರೆಶೋಲ್ಡ್ ಕೆಳಗೆ ಬಿದ್ದಿದ್ದವು. ಹೊತ್ತಿದ ಸೆಲ್‌ಗಳ ಒಂದೊಂದು ಗುಂಪನ್ನೂ (ಕ್ಲಸ್ಟರ್) ಒಂದೊಂದು ಹಿಟ್ ಎನ್ನುವ ಕ್ಲಸ್ಟರಿಂಗ್ ಕೋಡ್ ಇದನ್ನು ಎರಡು ಕ್ಲಸ್ಟರ್ ಎಂದು ಬರೆದುಕೊಂಡಿತ್ತು. ದೊಡ್ಡ ತುಂಡಿನ ಕೇಂದ್ರ ನಿಜವಾದ ಜಾಗದಿಂದ ಮೂರೂವರೆ ಸೆಲ್, ಹತ್ತಿರಹತ್ತಿರ 200 ಮೈಕ್ರಾನ್, ಪಕ್ಕಕ್ಕೆ. ನಾವು ಅದಕ್ಕೆ ಕೊಟ್ಟ ಅಳತೆಯ ದೋಷ ಎಷ್ಟು? ಪಿಚ್ (ಪಿಕ್ಸೆಲ್‌ನ ಅಳತೆ) ಭಾಗಿಸು ವರ್ಗಮೂಲ ಹನ್ನೆರಡು, 16 ಮೈಕ್ರಾನ್! ಹನ್ನೆರಡು ಸಿಗ್ಮಾ (ಆ ದೋಷದ ಹನ್ನೆರಡು ಪಟ್ಟು) ಆಚೆ ಇರುವ ಹಿಟ್ ಅನ್ನು ಯಾವ ಫಿಲ್ಟರ್ ತಾನೇ ಒಳಗೆ ಬಿಟ್ಟುಕೊಳ್ಳುತ್ತದೆ?

ಮದ್ದು ಸರಳ. ಅಪ್‌ಡೇಟ್‌ಗೆ ಮುಂಚೆ ಫಿಲ್ಟರ್‌ಗೆ ಟ್ರ್ಯಾಕ್‌ನ ಕೋನ ಗೊತ್ತೇ ಇರುತ್ತದೆ. ಆ ಕೋನಕ್ಕೆ ಎಷ್ಟು ಉದ್ದ ಬರಬೇಕೋ ಅದಕ್ಕಿಂತ ಕಾಲು ಭಾಗದಷ್ಟು ಗಿಡ್ಡ ಇದ್ದರೆ, ಅದೇ ಸಾಲಲ್ಲೋ ಪಕ್ಕದ ಸಾಲಲ್ಲೋ ಇನ್ನೊಂದು ತುಂಡು ಇದೆಯೇ ನೋಡು, ಇದ್ದರೆ ಜೋಡಿಸು. ಕೇಂದ್ರವನ್ನು ಚಾರ್ಜ್ ತೂಕದಿಂದಲ್ಲ, ಎರಡು ತುದಿಗಳಿಂದ ಲೆಕ್ಕ ಹಾಕು. ಉದ್ದ ಕ್ಲಸ್ಟರ್‌ನಲ್ಲಿ ಲ್ಯಾಂಡೌ ಬಾಲ (ಅಪರೂಪಕ್ಕೆ ಒಂದೆಡೆ ಬೀಳುವ ಭಾರೀ ಚಾರ್ಜ್) ಚಾರ್ಜ್ ತೂಕವನ್ನು ಎಲ್ಲೆಲ್ಲಿಗೋ ಎಳೆಯುತ್ತದೆ. ದೋಷವನ್ನೂ ಒಂದೇ ಅಂಕಿ ಎಂದಿಡದೆ, ಕೋನ ಮತ್ತು ಸೆಲ್ ಸಂಖ್ಯೆಯ ಕೋಷ್ಟಕದಿಂದ ತೆಗೆದುಕೊಂಡೆ. ಪುಲ್ (ನಿಜವಾದ ತಪ್ಪು ಭಾಗಿಸು ನಾವು ಕೊಟ್ಟ ದೋಷ) ಅಗಲ, ಇರಬೇಕಾದಂತೆ, 1ಕ್ಕೆ ಬಂದು ಕೂತಿದ್ದನ್ನು ಮೊದಲ ಸಲ ನೋಡಿದಾಗ ಕುರ್ಚಿಯಿಂದ ಎದ್ದು ಓಡಾಡಿದೆ.

ಆದರೆ ಜೆಟ್‌ಗಳ (ಒತ್ತೊತ್ತಾಗಿ ಹಾರುವ ಕಣಗಳ ಗೊಂಚಲು) ಒಳಗೆ ಕೈ ಸುಟ್ಟುಕೊಂಡೆ. ಬೇರೆ ಬೇರೆ ಕಣಗಳ ತುಂಡುಗಳನ್ನೂ ನನ್ನ ಕೋಡ್ ಗಂಟು ಹಾಕಿ ಫೇಕ್ ಮತ್ತೆ ಏರಿತು. ಅದಕ್ಕೆ ಎರಡು ಪರೀಕ್ಷೆ ಇಟ್ಟಿದ್ದೇನೆ. ಒಂದು, ತುಂಡುಗಳಲ್ಲಿ ಸೆಲ್‌ಗೆ ಬೀಳುವ ಚಾರ್ಜ್ ಪರಸ್ಪರ ಹೊಂದಬೇಕು. ಇನ್ನೊಂದನ್ನು ಈಗ ಹೇಳಲಾರೆ, ಪೇಪರ್ ಹೊರಬರಲಿ. ಕೋಷ್ಟಕದ ಗಡಿಗಳೂ ಅಷ್ಟೇ, ಅವನ್ನು ಹೊಂದಿಸಲು ಎರಡು ತಿಂಗಳು ಕಣ್ಣು ಕೆಡಿಸಿಕೊಂಡಿದ್ದೇನೆ.

ಇದೇ ಉದ್ದವನ್ನು ಸೀಡ್ ಸೋಸಲೂ ಬಳಸಿದೆ. ಡಬ್ಲೆಟ್ (ಹಿಟ್ ಜೋಡಿ) ಹೇಳುವ ಕೋನಕ್ಕೂ ಕ್ಲಸ್ಟರ್ ಉದ್ದಕ್ಕೂ ತಾಳೆಯಾಗದಿದ್ದರೆ ಎಸೆ. ಮೊದಲು ಎರಡೂ ಕಡೆ ಕಟ್ ಹಾಕಿ ಎಫಿಶಿಯೆನ್ಸಿ ನಾಲ್ಕು ಪರ್ಸೆಂಟ್ ಕಳೆದುಕೊಂಡೆ, ಮುರಿದವೆಲ್ಲ ಅಲ್ಲೇ ಸಾಯುತ್ತಿದ್ದವು. ಈಗ ಉದ್ದ ಜಾಸ್ತಿಯಾದರೆ ಮಾತ್ರ ಹೊರಗೆ, ಗಿಡ್ಡವಾದರೆ ಕ್ಷಮೆ. ಸೀಡ್‌ಗಳು ಅರ್ಧದಷ್ಟಾದವು.

ನಡುವೆ ಒಂದಿಷ್ಟು ಹುಚ್ಚಾಟಗಳೂ ನಡೆದವು. ಡಬಲ್ (64 ಬಿಟ್ ಅಂಕಿ) ಬಿಟ್ಟು ಫ್ಲೋಟ್‌ನಲ್ಲಿ (32 ಬಿಟ್) ಓಡಿಸಿದೆ. ವೇಗ ಚೆನ್ನಾಗಿಯೇ ಬಂತು, ಮುಂಭಾಗದ ಟ್ರ್ಯಾಕ್‌ಗಳಲ್ಲಿ ಕೋವೇರಿಯನ್ಸ್ (ದೋಷಗಳ ಕೋಷ್ಟಕ) ಕರ್ಣದಲ್ಲಿ, ಎಂದೂ ಬರಬಾರದ, ಋಣ ಸಂಖ್ಯೆ ಕಾಣಿಸಿಕೊಂಡಿತು, ಕೈಬಿಟ್ಟೆ. ಕೊನೆಯ ಪಿಕ್ಸೆಲ್ ಪದರದ ಹಿಟ್‌ಗಳಿಗೆ 50 ಪಿಕೋಸೆಕೆಂಡ್ ಸಮಯ ಅಂಟಿಸಿಯೂ ನೋಡಿದೆ. ಫೇಕ್ ಪಾತಾಳಕ್ಕೆ ಇಳಿಯಿತು, ಆದರೆ ಇಲ್ಲದ ಸೆನ್ಸರ್ ಇಟ್ಟುಕೊಂಡು ಬೀಗುವುದೇನು?

ಒಟ್ಟಾರೆ, ನೆನಪಿನಿಂದ ಹೇಳುವುದಾದರೆ, ಈಟಾ 1.5ರ ಆಚೆ 90 ಇದ್ದದ್ದು 95ಕ್ಕೆ ಬಂತು, ಫೇಕ್ ಎರಡರ ಕೆಳಗೆ, ಈವೆಂಟ್‌ಗೆ ಹಿಡಿಯುವ ಸಮಯ ಮೂರನೇ ಒಂದರಷ್ಟು ಕಡಿಮೆ. ಜಿಪಿಯು ಬಿಲ್ ಸೊನ್ನೆ. ಟ್ರ್ಯಾಕ್‌ಎಂಎಲ್‌ನ ನಿಖರತೆ ಸುತ್ತಿನಲ್ಲಿ 12,000 ಡಾಲರ್‌ನ ಮೊದಲ ಬಹುಮಾನ ಹೊಡೆದದ್ದೂ ಜೋಡಿ, ತ್ರಿವಳಿ, ಹೆಲಿಕ್ಸ್ ಎಂದು ಹೆಜ್ಜೆ ಹೆಜ್ಜೆಗೆ ಕಟ್ಟಿದ ಹಳೇ ದಾರಿಯೇ ಎಂಬುದನ್ನು ಮೀಟಿಂಗ್‌ನಲ್ಲಿ ಬೇಕೆಂದೇ ನೆನಪಿಸಿದೆ. ಈ ಸಲ ಯಾರೂ ನಗಲಿಲ್ಲ.

ಎಲೆಕ್ಟ್ರಾನ್‌ಗಳು ಮಾತ್ರ ಹಾಗೇ ಇವೆ. ಬ್ರೆಮ್ಸ್‌ಸ್ಟ್ರಾಲುಂಗ್‌ನಲ್ಲಿ (ಫೋಟಾನ್ ಹೊರಸೂಸಿ) ಶಕ್ತಿ ಉದುರಿಸಿಕೊಂಡು ತಿರುಗಿದರೆ ಕ್ಲಸ್ಟರ್ ಎಷ್ಟು ಜೋಡಿಸಿದರೂ ಪ್ರಯೋಜನವಿಲ್ಲ. ಮೊನ್ನೆಯಿಂದ ಅವುಗಳ ಪಟ್ಟಿ ತೆರೆದು ಕೂತಿದ್ದೇನೆ, ಐದನೆಯದರಲ್ಲಿದ್ದೇನೆ.