ಎರಡಡಿ ಮೀನಿನ ತೊಟ್ಟಿಗೆ ಎಲ್‌ಇಡಿ ದೀಪ: ಪಟ್ಟಿ ಕೆಡದ ಹಾಗೆ ಮಾಡಿದ್ದು

ತೊಟ್ಟಿ 60×30×30 ಸೆಂ.ಮೀ., ಸುಮಾರು 54 ಲೀಟರ್. 12 ವೋಲ್ಟಿನ ಎಲ್‌ಇಡಿ ಪಟ್ಟಿ ಮೂರೇ ತಿಂಗಳಲ್ಲಿ ಅಲ್ಲಲ್ಲಿ ಆರಿಹೋಗಿತ್ತು. ಬಿಚ್ಚಿ ನೋಡಿದರೆ ಬೆಸುಗೆ ಹಾಕಿದಲ್ಲೆಲ್ಲ ತಾಮ್ರ ಹಸಿರುಗಟ್ಟಿದೆ. ನೀರಿನ ಆವಿ ಒಂದು ಕಾರಣ; ದೊಡ್ಡ ಕಾರಣ, ಬೆಸುಗೆಯ ಮೇಲೆ ಬಳಿದ ಸಿಲಿಕೋನ್. ಗಾಜು ಅಂಟಿಸುವ ಅಗ್ಗದ ಸಿಲಿಕೋನ್ ಒಣಗುವಾಗ ವಿನೆಗರ್ ವಾಸನೆ ಬರುತ್ತದಲ್ಲ, ಆ ಆಮ್ಲವೇ ತಾಮ್ರವನ್ನು ತಿನ್ನುತ್ತದೆ. ತೊಟ್ಟಿಯ ಗಾಜಿಗೆ ಅದು ಒಳ್ಳೆಯದು, ವೈರಿಗೆ ಬೇಡ. ಇಲ್ಲಿಗೆ ‘ನ್ಯೂಟ್ರಲ್’ ಎಂದು ಬರೆದಿರುವ ಟ್ಯೂಬನ್ನೇ ಕೇಳಿ ತರಬೇಕು.

ಹುಬ್ಬಳ್ಳಿಯಲ್ಲಿ ಕಿಟಕಿ ಮಾಡುವ ಅಂಗಡಿಗಳಲ್ಲಿ ಅಲ್ಯೂಮಿನಿಯಂ ಚಾನೆಲ್ಲಿನ ಉಳಿದ ತುಂಡುಗಳು ಕಡಿಮೆಗೆ ಸಿಗುತ್ತವೆ. ಎರಡಡಿಯ ಎರಡು ತುಂಡು ಸಾಕು. ಸ್ಪಿರಿಟ್‌ನಿಂದ ಒರೆಸಿ, 6500 ಕೆಲ್ವಿನ್‌ನ (ಹಗಲಿನಂಥ ಬಿಳಿ ಬೆಳಕಿನ) 2835 ಪಟ್ಟಿಯನ್ನು (2.8×3.5 ಮಿ.ಮೀ. ಅಳತೆಯ ದೀಪ, ಮೀಟರಿಗೆ 120) 50 ಸೆಂ.ಮೀ.ಯಂತೆ ನಾಲ್ಕು ಸಾಲು ಅಂಟಿಸಿದೆ. ಕತ್ತರಿಸುವುದು ಗುರುತಿನ ಗೆರೆಯ ಮೇಲೆ ಮಾತ್ರ. ಚಾನೆಲ್ ಇಲ್ಲದೆ ಮುಚ್ಚಳಕ್ಕೇ ಅಂಟಿಸಿದರೆ ಬಿಸಿಗೆ ಗೋಂದು ಬಿಡುತ್ತದೆ.

ನಾಲ್ಕೂ ಸಾಲು ಸಮಾಂತರ ಜೋಡಣೆ, ಅಂದರೆ ಎಲ್ಲ ಪ್ಲಸ್ ಒಂದಕ್ಕೆ, ಎಲ್ಲ ಮೈನಸ್ ಇನ್ನೊಂದಕ್ಕೆ. ಒಟ್ಟು ಸುಮಾರು 19 ವ್ಯಾಟ್, ಅಂದರೆ 1.6 ಆಂಪಿಯರ್, 3 ಆಂಪಿಯರ್ ಅಡಾಪ್ಟರ್ ಬಿಸಿಯಾಗದೆ ನಡೆಯುತ್ತದೆ. ಅಡಾಪ್ಟರನ್ನು ತೊಟ್ಟಿಯಿಂದ ದೂರ ಇಟ್ಟು, ವೈರನ್ನು ಪ್ಲಗ್ಗಿಗಿಂತ ಕೆಳಗೆ ಇಳಿಬಿಟ್ಟು ಮೇಲೆತ್ತಬೇಕು. ಹನಿ ಜಾರಿದರೂ ಪ್ಲಗ್ಗಿಗೆ ತಲುಪದು. ಇದನ್ನು ಮಾತ್ರ ಬಿಡಲೇಬೇಡಿ.

ದೀಪದ ಕೆಳಗೆ 3 ಮಿ.ಮೀ. ಅಕ್ರಿಲಿಕ್ ಹಾಳೆ. ಬೋರಿನ ನೀರಾದರೆ ಅದರ ಮೇಲೆ ಬಿಳಿ ಸುಣ್ಣ ಕೂತು ಬೆಳಕು ಕುಗ್ಗುತ್ತದೆ. ವಾರಕ್ಕೊಮ್ಮೆ ಲಿಂಬೆರಸದಿಂದ ಒರೆಸಿ.

ಟೈಮರಿಗೆ ದಿನಕ್ಕೆ 6 ತಾಸು. ವ್ಯಾಲಿಸ್ನೇರಿಯಾ, ಜಾವಾ ಫರ್ನ್‌ನಂಥ ನೀರಿನ ಗಿಡಗಳಿಗೆ ಅಷ್ಟು ಸಾಕು. ಹೆಚ್ಚು ಹೊತ್ತು ಉರಿಸಿದರೆ ಗಾಜಿಗೆ ಪಾಚಿ ಕಟ್ಟುತ್ತದೆ.