ಮದುವೆ ಪತ್ರಿಕೆಗೆ ಕತ್ತರಿ ಹಾಕುವ ಮುಂಚೆ

ಮದುವೆ ಪತ್ರಿಕೆಯನ್ನು ನಾವೇ ಮಾಡಿಕೊಳ್ಳೋಣ ಅಂದುಕೊಂಡವರು ಮೊದಲು ಬಣ್ಣ, ಬಳ್ಳಿ, ಗಣಪತಿಯ ಚಿತ್ರ ಹುಡುಕಲು ಕೂರುತ್ತಾರೆ. ಅದೆಲ್ಲ ಆಮೇಲೆ. ಮೊದಲು ಸ್ಕೇಲು ತಗೊಳ್ಳಿ. ಅಳತೆ ಸರಿಯಾಗಿ ಗೊತ್ತು ಮಾಡಿಕೊಂಡರೆ ಖರ್ಚು ಇಳಿಯುತ್ತದೆ, ಉಳಿಯುವ ಚೂರೂ ಮದುವೆ ಮನೆಯ ಇನ್ನೊಂದು ಕೆಲಸಕ್ಕೆ ಬರುತ್ತದೆ.

ಎ4 ಹಾಳೆ ಅಂದರೆ 210 ಮಿಲಿಮೀಟರ್ ಅಗಲ, 297 ಉದ್ದ. ಉದ್ದವನ್ನು ಮೂರು ಪಾಲು ಮಾಡಿದರೆ 99ಕ್ಕೆ 210ರ ಮೂರು ಪತ್ರಿಕೆ ಬರುತ್ತದೆ, ಒಂದು ಎಳೆ ಕಾಗದವೂ ಹಾಳಾಗುವುದಿಲ್ಲ. 110ಕ್ಕೆ 220ರ ಉದ್ದನೆ ಕವರಿನಲ್ಲಿ ಅದು ಸಲೀಸಾಗಿ ಕೂರುತ್ತದೆ. ಪತ್ರಿಕೆ ಜಾಸ್ತಿ ಬೇಕಿದ್ದರೆ ದೊಡ್ಡ ಹಾಳೆಯೇ ಲಾಭ. ಬೆಂಗಳೂರಿನವರಾದರೆ ಸುಲ್ತಾನ್‌ಪೇಟೆಯ ಕಾಗದದ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. 20ಕ್ಕೆ 30 ಇಂಚಿನ ಹಾಳೆಯಲ್ಲಿ 5ಕ್ಕೆ ಏಳೂವರೆ ಇಂಚಿನ ಪತ್ರಿಕೆ ಸರಿಯಾಗಿ 16 ಬರುತ್ತದೆ, ಚೂರೇ ಇಲ್ಲ. ಅದೇ 6ಕ್ಕೆ 8 ಇಂಚು ಬೇಕು ಅಂತ ಹಟ ಹಿಡಿದರೆ, ಎಲ್ಲವನ್ನೂ ಒಂದೇ ದಿಕ್ಕಿಗೆ ಕತ್ತರಿಸಿದಾಗ ಬರುವುದು ಹತ್ತೇ. 4 ಇಂಚು ಅಗಲ, 30 ಇಂಚು ಉದ್ದದ ಪಟ್ಟಿ ಉಳಿದುಬಿಡುತ್ತದೆ. ದೊಡ್ಡ ಪತ್ರಿಕೆಯೇ ಬೇಕು ಅಂದರೆ ಮಾಡಿಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಆ ಪಟ್ಟಿಗೂ ನೀವೇ ದುಡ್ಡು ಕೊಟ್ಟಿರುತ್ತೀರಿ ಅಲ್ವಾ? ಪ್ರೆಸ್ಸಿನವರಿಗೆ ಮೊದಲೇ ಹೇಳಿಡಿ, ಕಟಿಂಗ್ ಆದ ಮೇಲೆ ಚೂರನ್ನು ನಮಗೇ ಕೊಡಿ ಅಂತ. ಕೇಳದಿದ್ದರೆ ರದ್ದಿಗೆ ಹೋಗುತ್ತದೆ.

ಒಂದು ಎಚ್ಚರಿಕೆ. ಬಣ್ಣ ಅಂಚಿನ ತನಕ ಹೋಗುವ ಡಿಸೈನ್ ಆದರೆ ಸುತ್ತಲೂ 3 ಮಿಲಿಮೀಟರ್ ಜಾಸ್ತಿ ಅಚ್ಚು ಹಾಕಿ ಆಮೇಲೆ ಕತ್ತರಿಸುತ್ತಾರೆ. ಆಗ ಈ ಲೆಕ್ಕವೆಲ್ಲ ತಪ್ಪುತ್ತದೆ. ಅಂಚು ಖಾಲಿ ಬಿಡಿ, ಬೇಕಿದ್ದರೆ ಒಳಗಡೆ ಒಂದು ತೆಳು ಗೆರೆಯ ಚೌಕಟ್ಟು ಹಾಕಿ. ನೋಡಲೂ ಅದೇ ಲಕ್ಷಣ.

ಕಾಗದ 250 ಜಿಎಸ್ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಇದ್ದರೆ ಸಾಕು. ಹೊಳಪಿನ ಕಾಗದ, ಲ್ಯಾಮಿನೇಶನ್, ಮಿನುಗು ಪುಡಿ, ಇವು ಬೇಡವೇ ಬೇಡ. ನಮ್ಮಲ್ಲಿ ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚುತ್ತೇವೆ. ಪ್ಲಾಸ್ಟಿಕ್ ಪೊರೆಯ ಮೇಲೆ ಅದು ನಿಲ್ಲುವುದಿಲ್ಲ, ಕೈಗೆಲ್ಲ ಅಂಟಿಕೊಳ್ಳುತ್ತದೆ. ಹೆಸರು ಬರೆಯಲು ಹೋದರೆ ಶಾಯಿಯೂ ಹಿಡಿಯದು. ಕೊನೆಯಲ್ಲಿ ಹೇಳುವ ಮೊರದ ಕೆಲಸಕ್ಕೆ ಅಂಥ ಚೂರನ್ನು ನೆನೆಸಿ ಅರೆಯಲೂ ಆಗದು. ಒರಟು ಕಾಗದ ಅರಿಶಿನವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಅರಿಶಿನವನ್ನು ಗಟ್ಟಿಯಾಗಿ ಕಲಸಿ, ಬೆರಳ ತುದಿಯಲ್ಲಿ ಸ್ವಲ್ಪವೇ ಹಚ್ಚಿ, ನೆರಳಲ್ಲಿ ಹರಡಿ ಒಣಗಿಸಿಯೇ ಕವರಿಗೆ ಹಾಕಿ. ಹಸಿ ಇದ್ದಾಗಲೇ ಪೇರಿಸಿಟ್ಟರೆ ಒಂದರ ಕಲೆ ಇನ್ನೊಂದಕ್ಕೆ ಇಳಿಯುತ್ತದೆ. ಮಡಿಚುವ ಪತ್ರಿಕೆ ಆದರೆ ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಾಗಿಸಿ ನೋಡಿ, ಸುಲಭವಾಗಿ ಬಾಗುವ ಕಡೆಗೇ ಮಡಿಕೆ ಬರಲಿ. ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಸ್ಟೀಲ್ ಸ್ಕೇಲಿನ ಪಕ್ಕ ಒಂದು ಗೀರು ಎಳೆದು ಮಡಿಚಿದರೆ ಅಂಚು ಬಿರುಕು ಬಿಡುವುದಿಲ್ಲ.

ಅಕ್ಷರದ ವಿಷಯಕ್ಕೆ ಬರೋಣ. ಬೆನ್ನೆ, ಹುಬ್ಬಳ್ಳಿ, ಬಲೂ ತಮ್ಮ, ತಿರೋ ಕನ್ನಡ, ಇವೆಲ್ಲ ಪುಕ್ಕಟೆಯಾಗಿ ಸಿಗುವ ಒಳ್ಳೆಯ ಫಾಂಟುಗಳು. ಎರಡಕ್ಕಿಂತ ಜಾಸ್ತಿ ಬಳಸಬೇಡಿ. ಮೊಬೈಲಿನಲ್ಲಿ ಟೈಪ್ ಮಾಡಿ ಪ್ರೆಸ್ಸಿಗೆ ಕಳಿಸಿದ ಯೂನಿಕೋಡ್ ಅಕ್ಷರ ಅವರ ಹಳೆಯ ಸಾಫ್ಟ್‌ವೇರಿನಲ್ಲಿ ಒಡೆದು ಹೋಗುವುದುಂಟು. ಒತ್ತಕ್ಷರ ಪಕ್ಕಕ್ಕೆ ಜಾರುತ್ತದೆ, ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಅದಕ್ಕೇ ಪಿಡಿಎಫ್ ಮಾಡಿ ಕಳಿಸಿ. ಒಂದು ಪ್ರತಿ ಕಾಗದದ ಮೇಲೆ ಅಚ್ಚು ಹಾಕಿಸಿ, ಎರಡೂ ಮನೆಯವರು ಕೂತು ಗಟ್ಟಿಯಾಗಿ ಓದಿ. ತಾರೀಖಿಗೂ ವಾರಕ್ಕೂ ತಾಳೆ ಆಗುತ್ತದಾ ಅಂತ ಕ್ಯಾಲೆಂಡರ್ ಹಿಡಿದೇ ನೋಡಿ. ಶಾಲಿವಾಹನ ಶಕೆಯ ಲೆಕ್ಕ ಸುಲಭ. ಯುಗಾದಿ ಆದ ಮೇಲಿನ ಮುಹೂರ್ತಕ್ಕೆ ಇಸವಿಯಲ್ಲಿ 78 ಕಳೆಯಿರಿ, ಜನವರಿಯಿಂದ ಯುಗಾದಿಯ ತನಕದ್ದಾದರೆ 79. 2026ರ ಯುಗಾದಿ ಕಳೆದ ಮೇಲೆ ಶಕೆ 1948, ಪರಾಭವ ಸಂವತ್ಸರ. ಹಳೇ ಪತ್ರಿಕೆಯಿಂದ ನಕಲು ಮಾಡುವಾಗ ಹೋದ ವರ್ಷದ ಸಂವತ್ಸರವೇ ಉಳಿದುಬಿಡುತ್ತದೆ, ಹುಷಾರು. ಇನ್ನೊಂದು, ಹಿರಿಯರ ಹೆಸರಿನ ಮುಂದೆ ಬರುವ "ದಿ||". ತೀರಿಹೋದವರಿಗೆ ಅದು ಬಿಟ್ಟುಹೋದರೂ ಮನಸ್ಸು ನೋಯುತ್ತದೆ, ಬದುಕಿರುವವರಿಗೆ ತಪ್ಪಿ ಬಿದ್ದರಂತೂ ಮುಗಿಯಿತು. ಹಿರಿಯರ ಹೆಸರಿರುವ ಸಾಲುಗಳನ್ನು ಮನೆಯ ದೊಡ್ಡವರ ಕೈಲೇ ಓದಿಸಿ.

ಈಗ ಚೂರಿನ ಕಥೆ. ಆ 4 ಇಂಚಿನ ಪಟ್ಟಿ ಉಳಿದಿದೆಯಾ? ಒಂದೊಂದರಲ್ಲಿ 4 ಇಂಚಿನ ಏಳು ಚೌಕ ಬರುತ್ತದೆ. ಕಾಗದ ದಪ್ಪ ಇದ್ದರೆ ಅವು ಊಟದ ಮನೆಯ ಮೇಜಿನ ಚೀಟಿಗೆ, ಉಡುಗೊರೆಯ ಚೀಟಿಗೆ, ತಾಂಬೂಲದ ಚೀಲಕ್ಕೆ ಕಟ್ಟುವ ಹೆಸರಿನ ತುಂಡಿಗೆ ಆಯಿತು. ಒಳಪುಟಕ್ಕೆ ಬಳಸಿದ ತೆಳು ಕಾಗದದ ಚೂರಾದರೆ ಅಕ್ಷತೆಯ ಪೊಟ್ಟಣ ಮಾಡಿ. ಚೌಕವನ್ನು ಕರ್ಣಕ್ಕೆ ಮಡಿಚಿ ತ್ರಿಕೋನ ಮಾಡಿ. ಕೆಳಗಿನ ಎರಡು ಮೂಲೆಗಳನ್ನು ಒಂದಾದ ಮೇಲೊಂದು ಎದುರು ಬದಿಗೆ ಮಡಿಚಿ. ಮೇಲೆ ಎರಡು ಕಿವಿ ಉಳಿಯುತ್ತವೆ. ಒಂದನ್ನು ಮುಂದಿನ ಜೇಬಿಗೆ ಸಿಕ್ಕಿಸಿ, ಅಕ್ಷತೆ ತುಂಬಿ, ಇನ್ನೊಂದನ್ನೂ ಸಿಕ್ಕಿಸಿ. ಅಂಟೇ ಬೇಡ. ಅಕ್ಷತೆಗೆ ತುಪ್ಪ ಹಾಕುವ ಪದ್ಧತಿ ಇದ್ದರೆ ಹನಿಯಷ್ಟೇ ಹಾಕಿ, ಇಲ್ಲದಿದ್ದರೆ ಪೊಟ್ಟಣದ ಮೇಲೆ ಎಣ್ಣೆಕಲೆ ಮೂಡುತ್ತದೆ.

ಮನೆಗೆ ಬಂದ ಬೇರೆಯವರ ಪತ್ರಿಕೆಯ ದೊಡ್ಡ ಕವರುಗಳಿಂದ ಮುಯ್ಯಿ ಕವರು ಮಾಡಬಹುದು. ಕವರನ್ನು ಬಿಡಿಸಿ, ಒಳಗಿನ ಖಾಲಿ ಬದಿ ಹೊರಗೆ ಬರುವಂತೆ 18ಕ್ಕೆ 19 ಸೆಂಟಿಮೀಟರ್ ತುಂಡು ಕತ್ತರಿಸಿ. 18ರ ಕಡೆ ಎರಡೂ ಬದಿಯಲ್ಲಿ ಒಂದೊಂದು ಸೆಂಟಿಮೀಟರ್ ಅಂಟಿಗೆ. 19ರ ಕಡೆ ಕೆಳಗಿನಿಂದ 8 ಮಡಿಚಿ, ಮೇಲಿನ 3 ಮುಚ್ಚಳಕ್ಕೆ. 500ರ ನೋಟು 15 ಸೆಂಟಿಮೀಟರ್ ಉದ್ದ, ಮಡಿಚದೇ ಕೂರುತ್ತದೆ. ಮುಚ್ಚಳದ ಮೇಲೆ ಒಂದು ರೂಪಾಯಿ ನಾಣ್ಯ ಅಂಟಿಸಿ. ಫೆವಿಕಾಲ್ ತೆಳ್ಳಗೆ ಸವರಿದರೆ ಸಾಕು. ಮೈದಾ ಅಂಟು ಕಾಗದವನ್ನು ಸುಕ್ಕು ಮಾಡುತ್ತದೆ, ಜಿರಲೆಯನ್ನೂ ಕರೆಯುತ್ತದೆ.

ಯಾವುದಕ್ಕೂ ಬಾರದ ಪುಡಿ ಚೂರನ್ನೂ ಎಸೆಯಬೇಡಿ. ನಮ್ಮ ಹಿರಿಯರು ಹಳೇ ಕಾಗದ ಅರೆದು, ಮೆಂತ್ಯ ಸೇರಿಸಿ ಬಿದಿರಿನ ಮೊರಕ್ಕೆ, ಬುಟ್ಟಿಗೆ ಬಳಿಯುತ್ತಿದ್ದರು. ಸಂದುಗಳೆಲ್ಲ ಮುಚ್ಚಿ ಮೊರ ಗಟ್ಟಿಯಾಗುತ್ತಿತ್ತು. ಈ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಧಾರೆಗೆ ಬಾಗಿನ ಕೊಡುವ ಮೊರಗಳಿಗೇ ಮಾಡಿದರೆ ಪತ್ರಿಕೆಯ ಬಣ್ಣವೇ ಮೊರದಲ್ಲೂ ಇಣುಕುತ್ತದೆ. ಹಳೇ ಪತ್ರಿಕೆಗಳಿದ್ದರೆ ದೇವರ ಚಿತ್ರವನ್ನು ಮೊದಲು ಕತ್ತರಿಸಿ ತೆಗೆದಿಡಿ. ಚೂರುಗಳನ್ನು ಎರಡು ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ. ಚೆನ್ನಾಗಿ ಹಿಂಡಿ ಒರಳಲ್ಲಿ ಅರೆಯಿರಿ. ಅಡುಗೆಯ ಮಿಕ್ಸಿ ಜಾರ್ ಬೇಡ, ಅಚ್ಚಿನ ಶಾಯಿ ಇರುತ್ತದೆ. ಒಂದು ಬೋಗುಣಿ ಕಾಗದಕ್ಕೆ ಒಂದು ಹಿಡಿ ಮೆಂತ್ಯ, ರಾತ್ರಿ ನೆನೆಸಿ ನುಣ್ಣಗೆ ಅರೆದದ್ದು. ಅದರ ಲೋಳೆಯೇ ಅಂಟು. ಎರಡನ್ನೂ ಕಲಸಿ, ಒದ್ದೆ ಕೈಯಲ್ಲಿ ಮೊರಕ್ಕೆ ತೆಳ್ಳಗೆ ಬಳಿಯಿರಿ. ದಪ್ಪ ಬಳಿದರೆ ಬಿರುಕು ಬಿಡುತ್ತದೆ, ಒಳಗೆ ಒಣಗದೆ ಬೂಷ್ಟು ಹಿಡಿಯುತ್ತದೆ. ಒಳ್ಳೆ ಬಿಸಿಲಲ್ಲಿ ಒಂದು ಬದಿ ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು ಬದಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಬಾಗಿನದ ಕಾಳು, ಬೇಳೆಯನ್ನು ನೇರವಾಗಿ ಸುರಿಯದೆ ಪೊಟ್ಟಣ ಕಟ್ಟಿಯೇ ಇಡಿ, ಮೊರಕ್ಕೆ ನೀರು ತಾಗಿಸದೆ ಒಣಬಟ್ಟೆಯಲ್ಲಿ ಒರೆಸಿ.