ಗೋಡೆಯ ಕ್ಯಾಲೆಂಡರಿನಲ್ಲಿ ತಲೆನೋವಿನ ಲೆಕ್ಕ

ಬಾಗಲಕೋಟೆ ಜಿಲ್ಲೆಯ ಬನಹಟ್ಟಿ ಭಾಗದಲ್ಲಿ ಸಣ್ಣ ದವಾಖಾನೆ ಇಟ್ಟುಕೊಂಡಿರುವ ನನಗೆ ತಲೆನೋವಿನ ರೋಗಿಗಳಿಲ್ಲದ ದಿನವೆಂಬುದೇ ಇಲ್ಲ. ‘ತಲಿ ಸಿಡೀತೈತ್ರಿ’ ಎನ್ನುತ್ತಲೇ ಒಳಗೆ ಬರುವವರಲ್ಲಿ ಮಗ್ಗದ ಕೆಲಸದವರೇ ಹೆಚ್ಚು. ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ನೋವು ಎಲ್ಲಿದೆ, ಹೇಗಿದೆ, ವಾಂತಿಯಾಗುತ್ತದೆಯೇ ಎಂದೆಲ್ಲ ಕೇಳುತ್ತಿದ್ದೆ. ತಿಂಗಳಿಗೆ ಎಷ್ಟು ದಿನ ಗುಳಿಗೆ ನುಂಗುತ್ತೀರಿ ಎಂದು ಮಾತ್ರ ಕೇಳುತ್ತಿರಲಿಲ್ಲ. ಕೇಳದೆ ಬರೆದುಕೊಟ್ಟ ಚೀಟಿಗಳಿಂದ ಕೆಲವರ ನೋವನ್ನು ನಾನೇ ಬೆಳೆಸಿದ್ದೇನೆ ಎಂಬುದು ತಡವಾಗಿ ತಿಳಿಯಿತು.

ತಿಳಿಸಿಕೊಟ್ಟವರು ಕಂಡಿಕೆ ಸುತ್ತುವ ಕೆಲಸದ, ಮೂವತ್ತೆಂಟು ವಯಸ್ಸಿನ ಹೆಣ್ಣುಮಗಳು. ಹದಿನೆಂಟರ ಪ್ರಾಯದಿಂದ ಅರ್ಧ ತಲೆಶೂಲೆ, ಅಂದರೆ ಮೈಗ್ರೇನ್, ಇತ್ತು. ಮೊದಲೆಲ್ಲ ತಿಂಗಳಿಗೆ ಎರಡು ಬಾರಿ, ಮುಟ್ಟಿನ ಹೊತ್ತಿಗೆ ಬಂದು ಹೋಗುತ್ತಿತ್ತು. ಈಗ ತಿಂಗಳಿಗೆ ಎಷ್ಟು ಸಲ ಎಂದರೆ ‘ನಾಕೈದು ಸಲ’ ಎಂದರು. ಅನುಮಾನ ಬಂದು ಪ್ರಶ್ನೆಯನ್ನು ತಿರುಗಿಸಿದೆ: ‘ಅಕ್ಕಾರ, ತಲಿ ಪೂರಾ ಹಗರ ಇರೋ ದಿನ ತಿಂಗಳದಾಗ ಎಷ್ಟು?’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂಥಾ ದಿನ ಯಾವೂ ಇಲ್ರೀ ಸಾಹೇಬ್ರ’ ಎಂದರು. ನಾಲ್ಕೈದು ಎಂದದ್ದು ಹಾಸಿಗೆ ಹಿಡಿದ ದಿನಗಳನ್ನು ಮಾತ್ರ. ಉಳಿದ ದಿನಗಳ ಮಂದ ನೋವು ಅವರ ಲೆಕ್ಕದಲ್ಲಿ ನೋವೇ ಆಗಿರಲಿಲ್ಲ. ಬೆಳಗಿನ ಚಹಾದ ಜೊತೆಗೆ ಪ್ಯಾರಾಸಿಟಮಾಲ್ ಮತ್ತು ಕೆಫೀನ್ ಸೇರಿದ ಮಿಶ್ರ ಗುಳಿಗೆಯೊಂದು ದಿನವೂ ಹೊಟ್ಟೆಗೆ ಹೋಗುತ್ತಿತ್ತು.

ಅಂತರರಾಷ್ಟ್ರೀಯ ತಲೆನೋವು ಸಂಘವು 2018ರಲ್ಲಿ ಪ್ರಕಟಿಸಿದ ವರ್ಗೀಕರಣದ ಪ್ರಕಾರ, ಮೂರು ತಿಂಗಳಿಗೂ ಹೆಚ್ಚು ಕಾಲ ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಲೆನೋವಿದ್ದು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನಿನ ಲಕ್ಷಣಗಳಿದ್ದರೆ ಅದು ದೀರ್ಘಕಾಲಿಕ ಮೈಗ್ರೇನ್. ಮೊದಲೇ ತಲೆನೋವಿನ ಕಾಯಿಲೆ ಇದ್ದು ತಿಂಗಳಿಗೆ 15 ದಿನ ನರಳುವವರು ಮೂರು ತಿಂಗಳಿಗೂ ಮೀರಿ ಸಾದಾ ನೋವುಗುಳಿಗೆಯನ್ನು ತಿಂಗಳಿಗೆ 15 ದಿನ, ಇಲ್ಲವೇ ಮಿಶ್ರ ಗುಳಿಗೆ, ಮೈಗ್ರೇನ್ ಬಂದಾಗ ನುಂಗುವ ಟ್ರಿಪ್ಟಾನ್, ಎರ್ಗೋಟಮಿನ್‌ನಂಥವನ್ನು 10 ದಿನ ತೆಗೆದುಕೊಳ್ಳುತ್ತಿದ್ದರೆ, ಗುಳಿಗೆಯ ಅತಿಬಳಕೆಯಿಂದಲೇ ಬರುವ ತಲೆನೋವೆಂದು ಗುರುತಿಸಬೇಕು. ಇಲ್ಲಿ ಎಣಿಸಬೇಕಾದದ್ದು ಗುಳಿಗೆ ತೆಗೆದುಕೊಂಡ ದಿನಗಳನ್ನು; ಒಂದೇ ದಿನ ಮೂರು ನುಂಗಿದರೂ ಲೆಕ್ಕಕ್ಕೆ ಒಂದೇ ದಿನ.

ಲೆಕ್ಕಕ್ಕೆ ದಿನಚರಿ ಪುಸ್ತಕ ಕೊಟ್ಟು ನೋಡಿದ್ದೆ, ಯಾರೂ ಬರೆಯಲಿಲ್ಲ. ಆದರೆ ನಮ್ಮ ಕಡೆಯ ಮನೆಗಳಲ್ಲಿ ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕ, ಸಿಲಿಂಡರ್ ಹಚ್ಚಿದ ತಾರೀಖು, ಸಂಘದ ಕಂತು ಎಲ್ಲವೂ ಇರುತ್ತದೆ. ಅದರ ಮೇಲೆಯೇ ನೋವಿದ್ದ ದಿನಕ್ಕೆ ಒಂದು ಗೆರೆ, ಮಲಗಿಸಿದ ದಿನಕ್ಕೆ ಎರಡು ಗೆರೆ, ನೋವುಗುಳಿಗೆ ತೆಗೆದುಕೊಂಡ ದಿನಕ್ಕೆ ಸುತ್ತು ಹಾಕಲು ಹೇಳಿದೆ. ಓದು ಬರಹ ಬಾರದವರಿಗೂ ಇದು ಸಾಧ್ಯವಾಯಿತು. ತಿಂಗಳು ಮುಗಿದ ಮೇಲೆ ಆ ಹೆಣ್ಣುಮಗಳು ಹಾಳೆಯನ್ನು ಹರಿದು, ಮಡಚಿ, ಸೆರಗಿನ ಗಂಟಿನಿಂದ ತೆಗೆದುಕೊಟ್ಟರು. ಅರಿಶಿಣದ ಕಲೆಯ ನಡುವೆ ಇಪ್ಪತ್ತಾರು ಸುತ್ತುಗಳಿದ್ದವು.

ಹೊಸ ಔಷಧಗಳ ಸಂಶೋಧನೆಯೂ ಇದೇ ಅಳತೆಗೋಲಿನ ಮೇಲೆ ನಿಂತಿದೆ ಎಂಬುದು ನನಗೆ ಸಮಾಧಾನ ಕೊಟ್ಟ ಸಂಗತಿ. ಮೈಗ್ರೇನಿನಲ್ಲಿ ಸಿಜಿಆರ್‌ಪಿ ಎಂಬ, ನರಗಳು ಹೊರಬಿಡುವ ಸಣ್ಣ ಪ್ರೋಟೀನಿನಂಥ ಪೆಪ್ಟೈಡಿನ ಪಾತ್ರವನ್ನು ತೋರಿಸಿದ ಕೆಲಸಕ್ಕಾಗಿ ಲಾರ್ಸ್ ಎಡ್ವಿನ್ಸನ್, ಪೀಟರ್ ಗೋಡ್ಸ್‌ಬಿ, ಮೈಕೆಲ್ ಮಾಸ್ಕೊವಿಟ್ಜ್ ಮತ್ತು ಯೆಸ್ ಓಲೆಸನ್ ಅವರಿಗೆ 2021ರ ಬ್ರೇನ್ ಪ್ರಶಸ್ತಿ ಸಂದಿತು. ಆ ಹಾದಿಯನ್ನು ತಡೆಯುವ ಎರೆನುಮ್ಯಾಬ್ ಚುಚ್ಚುಮದ್ದನ್ನು ದೀರ್ಘಕಾಲಿಕ ಮೈಗ್ರೇನಿನ 667 ರೋಗಿಗಳಲ್ಲಿ ಪರೀಕ್ಷಿಸಿದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಿಂಗಳಿಗೆ 18ರ ಆಸುಪಾಸಿನಲ್ಲಿದ್ದ ಮೈಗ್ರೇನ್ ದಿನಗಳು ಔಷಧ ಪಡೆದವರಲ್ಲಿ 6.6ರಷ್ಟು, ಔಷಧವಿಲ್ಲದ ಚುಚ್ಚುಮದ್ದು ಪಡೆದವರಲ್ಲಿ 4.2ರಷ್ಟು ಕಡಿಮೆಯಾದವು. ಆ ದಿನಗಳ ಎಣಿಕೆ ಬಂದದ್ದು ರೋಗಿಗಳು ತಾವೇ ತುಂಬಿದ ದಿನಚರಿಯಿಂದ. ಅಂಥ ಚುಚ್ಚುಮದ್ದಿನ ಬೆಲೆ ನಮ್ಮ ಕೂಲಿಯವರ ಕೈಗೆ ಎಟುಕುವಂಥದ್ದಲ್ಲ.

ಚಿಕಿತ್ಸೆಗೆ ಮೊದಲು ಅಪಾಯದ ಸೂಚನೆಗಳನ್ನು ನೋಡಿಕೊಂಡೆ: ಸಿಡಿಲಿನಂತೆ ಒಮ್ಮೆಲೇ ಎರಗಿದ ನೋವು, ಐವತ್ತರ ನಂತರ ಹೊಸದಾಗಿ ಶುರುವಾದದ್ದು, ಜ್ವರ, ಕೈಕಾಲಿನ ಸೋಲು, ದೃಷ್ಟಿ ಮಸುಕು. ಇವ್ಯಾವುವೂ ಇರಲಿಲ್ಲವಾದ್ದರಿಂದ, ಅವರು ಸಾಲ ಮಾಡಿಯಾದರೂ ಮಾಡಿಸುತ್ತೇನೆಂದ ಸ್ಕ್ಯಾನ್ ಬೇಡವೆಂದೆ. ನೋವು ಬರದಂತೆ ದಿನವೂ ಕೊಡುವ ತಡೆ ಔಷಧವಾಗಿ ಪ್ರೊಪ್ರನೊಲಾಲ್ ಕೊಡಬಹುದಿತ್ತು; ಆದರೆ ಅವರಿಗೆ ಉಬ್ಬಸವಿತ್ತು, ಅಂಥವರಿಗೆ ಆ ಔಷಧ ಸಲ್ಲದು. ರಾತ್ರಿಗೆ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಆರಂಭಿಸಿ ಮಿಶ್ರ ಗುಳಿಗೆಯನ್ನು ಅಂದೇ ನಿಲ್ಲಿಸಿದೆ. ಗುಳಿಗೆ ಬಿಡಿಸುವುದನ್ನೂ ತಡೆ ಔಷಧವನ್ನೂ ಒಟ್ಟಿಗೇ ಶುರುಮಾಡುವುದು ಮೇಲೆಂದು 2020ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪ್ರಯೋಗ ಹೇಳಿತ್ತು.

ಕಷ್ಟವೆಲ್ಲ ಮೊದಲ ಹತ್ತು ದಿನಗಳದ್ದು. ಗುಳಿಗೆ ಬಿಟ್ಟ ಕೂಡಲೇ ನೋವು ಏರುತ್ತದೆ. 2001ರ ಜರ್ಮನಿಯ ಅಧ್ಯಯನವೊಂದರಲ್ಲಿ ಈ ಏರಿಕೆ ಟ್ರಿಪ್ಟಾನ್ ಬಿಟ್ಟವರಲ್ಲಿ ಸರಾಸರಿ 4.1 ದಿನ, ಎರ್ಗೋಟಮಿನ್ ಬಿಟ್ಟವರಲ್ಲಿ 6.7 ದಿನ, ನೋವುಗುಳಿಗೆ ಬಿಟ್ಟವರಲ್ಲಿ 9.5 ದಿನ ಇತ್ತು. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಮೂರನೆಯ ದಿನವೇ ಅಂಗಡಿಗೆ ಹೋಗಿ ಅದೇ ಗುಳಿಗೆ ತರುತ್ತಾರೆ. ನನ್ನ ಹಲವು ಪ್ರಯತ್ನಗಳು ಹೀಗೆಯೇ ಮುರಿದಿದ್ದವು. ಈ ಸಲ ಅವರ ಗಂಡನನ್ನೂ ಕೂರಿಸಿಕೊಂಡು ಕ್ಯಾಲೆಂಡರಿನ ಹತ್ತು ಮನೆಗಳಿಗೆ ಪೆನ್ಸಿಲಿನಿಂದ ನೆರಳು ಹಾಕಿ, ಇಷ್ಟು ದಿನ ಮಗ್ಗದ ಕಡೆ ಕಳಿಸಬೇಡಿರೆಂದೆ. ಏಳನೆಯ ದಿನ ಮನೆಯವರು ಹೆದರಿ ಕರೆದುಕೊಂಡು ಬಂದರು. ವಾಂತಿಗೆ ಔಷಧ ಕೊಟ್ಟು ಕಳಿಸಿದೆ. ಹನ್ನೊಂದನೆಯ ದಿನ ನೋವು ಇಳಿಯಿತು. ಬೆಳಿಗ್ಗೆ ಮಂಪರು ಬಿಡುವುದಿಲ್ಲವೆಂಬ ದೂರಿಗೆ ಅಮಿಟ್ರಿಪ್ಟಿಲಿನ್ ಗುಳಿಗೆಯನ್ನು ರಾತ್ರಿ ಎಂಟಕ್ಕೇ ನುಂಗಲು ಹೇಳಿದ ಮೇಲೆ ಅದೂ ತಗ್ಗಿತು.

ಮೂರನೆಯ ತಿಂಗಳ ಹಾಳೆಯಲ್ಲಿ ಒಂಬತ್ತು ದಿನಗಳಿಗೆ ಗೆರೆ, ಐದು ದಿನಗಳಿಗೆ ಸುತ್ತು ಇದ್ದವು. ಒಂದು ಸುತ್ತಿನೊಳಗೆ ಗೆರೆಯೇ ಇರಲಿಲ್ಲ. ಮರೆತಿರಬೇಕೆಂದು ಕೇಳಿದೆ. ‘ಮರತಿಲ್ರೀ. ಅವತ್ತ ತಂಗಿ ಮಗಳ ಮದವಿ ಇತ್ತು, ನೋವು ಬರಬಾರದಂತ ಮೊದಲ ತಗೊಂಡೆ’ ಎಂದರು. ಆ ಸುತ್ತಿನ ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟು, ಮುಂದಿನ ತಿಂಗಳಿನಿಂದ ಹೆದರಿಕೆಗೆ ನುಂಗಿದ ದಿನಕ್ಕೂ ಹೀಗೆಯೇ ಗುರುತು ಮಾಡಿ ತನ್ನಿರೆಂದು ಹೇಳಿದೆ.